ಕೀಳದೆ ಬಿಟ್ಟ ಹಳದಿ ಎಲೆ

ಹೊರಗೆ ಇನ್ನೂ ಮಬ್ಬು. ಹ್ಯಾಮಿಲ್ಟನ್ ಊರಾಚೆಯ ಹಸುಗಳ ಫಾರ್ಮುಗಳ ಮೇಲೆ ಮಂಜು ಕೂತಿದೆ. ಬೋರ್ಡೇ ಇಲ್ಲದ ಒಂದು ಶೆಡ್ಡಿನೊಳಗೆ ಮಾತ್ರ ಆಗಲೇ ನಡುಮಧ್ಯಾಹ್ನದ ಬೆಳಕು. ಬಿಳಿ ಗೌನು ತೊಟ್ಟ ಮೆಹ್ನಾಜ್ ಕುಂಡಗಳ ಸಾಲಿನ ನಡುವೆ ಕುಕ್ಕರಗಾಲಲ್ಲಿ ಕೂತು, ಹೂಬಿಟ್ಟ ಗಿಡವೊಂದರ ಕೆಳಗಿನ ಎಲೆಯನ್ನು ತಿರುವಿ ನೋಡುತ್ತಿದ್ದಾರೆ. ನರಗಳು ಹಸಿರಾಗಿವೆ, ನಡುವಿನ ಜಾಗವೆಲ್ಲ ಹಳದಿ.

“ಏನೋ ಹೇಳಾಕ್ಹತ್ತೈತ್ರಿ ಇದು,” ಎನ್ನುತ್ತಾರೆ.

ಗಿಡ ಗಾಂಜಾ. ಹುಬ್ಬೇರಿಸಬೇಡಿ. ನ್ಯೂಜಿಲೆಂಡಿನಲ್ಲಿ ಲೈಸೆನ್ಸ್ ಪಡೆದವರು ಔಷಧಿಗಾಗಿ ಇದನ್ನು ಬೆಳೆಯಬಹುದು. ಆದರೆ ಕಾವಲು ಬ್ಯಾಂಕಿನ ತಿಜೋರಿಗೂ ಇಷ್ಟಿಲ್ಲ. ಬಾಗಿಲಲ್ಲೇ ನನ್ನ ಫೋನು ಲಾಕರ್ ಸೇರಿತು. ನನ್ನ ಪೆನ್ನನ್ನೂ ಒಮ್ಮೆ ಅನುಮಾನದಿಂದ ನೋಡಿದರು. ಒಳಗಿನ ಒಂದೇ ಒಂದು ಎಲೆಯ ಫೋಟೊ ಸಹ ಹೊರಗೆ ಹೋಗುವಂತಿಲ್ಲ.

ಈ ಔಷಧಿ ತೆಗೆದುಕೊಂಡು ನೋವು ಮರೆಯುವವರಿಗೆ ಮೆಹ್ನಾಜ್ ಯಾರೆಂದು ಗೊತ್ತಿಲ್ಲ. ಹೂಬಿಟ್ಟ ಗಿಡಕ್ಕೆ ಏನು ಕಡಿಮೆ ಬಿದ್ದಿದೆ ಎಂದು ಕಂಡುಹಿಡಿಯುವುದು ಇವರ ಕೆಲಸ. ಕುಂಡಕ್ಕೆ ನೀರು ಹಾಯಿಸಿ, ಅಡಿಯಿಂದ ಸೋರಿದ್ದನ್ನು ಲೋಟದಲ್ಲಿ ಹಿಡಿದು ಮೀಟರ್ ಅದ್ದುತ್ತಾರೆ. ಮಣ್ಣಿನ ರಸಸಾರ, ಇಲ್ಲಿಯವರ ಬಾಯಲ್ಲಿ ಪಿಎಚ್, ಆರೂವರೆಯ ಆಸುಪಾಸಿನಲ್ಲಿರಬೇಕು. ಇವತ್ತು ಐದೂಕಾಲು ತೋರಿಸುತ್ತಿದೆ. ಮಣ್ಣು ಹುಳಿಯಾಗಿದೆ.

“ಎಲಿ ನೋಡಿದ್ರ ಮೆಗ್ನೀಸಿಯಂ ಕಡಿಮಿ ಅನಸ್ತೈತ್ರಿ. ಹಂಗಂತ ಗೊಬ್ಬರಾ ಸುರದ್ರ ಕೆಲಸ ಕೆಟ್ಟಂಗs. ಗೊಬ್ಬರಾ ಮಣ್ಣಾಗs ಐತಿ, ಬೇರಿಗೆ ತಗೊಳ್ಳಾಕ ಆಗವಲ್ದು. ಗಿಡಾ ಹಸದಿಲ್ಲ, ಬಾಯಿ ಕಟ್ಟೈತಿ, ಅಂತಾರ ನಮ್ಮ ಅಬ್ಬಾ.”

ಅಬ್ಬಾ ಅಂದರೆ ಇಕ್ರಾಮ್ ಸಾಬ್. ಸವಣೂರಿನಲ್ಲಿ ವೀಳ್ಯದೆಲೆ ತೋಟ ಮಾಡಿದವರು. ಈಗ ಮಂಡಿನೋವು, ತೋಟವನ್ನು ಮಗ ನೋಡಿಕೊಳ್ಳುತ್ತಾನೆ. ಮೆಹ್ನಾಜ್ ಎಲೆ ಓದಲು ಕಲಿತದ್ದು ಅವರ ಹಿಂದೆ ಬಳ್ಳಿಗಳ ನಡುವೆ ಓಡಾಡಿ. ಇಲ್ಲಿ ಮೊದಲ ಬೆಳೆಗೆ ಪೆಟ್ಟು ಬಿದ್ದದ್ದೂ ಆ ಕಲಿಕೆಯಿಂದಲೇ. ಎಲೆತೋಟದಲ್ಲಿ ಹಳದಿ ಎಲೆ ಕಂಡರೆ ಹೆಬ್ಬೆರಳಿನ ಉಗುರಿನಿಂದ ಚಿವುಟಿ ಎಸೆಯಬೇಕು, ಕಟ್ಟಿನೊಳಗೆ ಒಂದು ಸೇರಿದರೂ ಗಿರಾಕಿ ಮುಖ ಸಿಂಡರಿಸುತ್ತಾನೆ. ಇವರ ಕೈ ಇಲ್ಲೂ ಅದನ್ನೇ ಮಾಡಿತು. ಹಳದಿಯಾದ ಎಲೆಗಳನ್ನೆಲ್ಲ ಚಿವುಟಿ ಗಿಡಗಳನ್ನು ಮದುವಣಗಿತ್ತಿಯರ ಹಾಗೆ ಚೆಂದ ಮಾಡಿಟ್ಟರು. ರೋಗ ಹೇಳಬೇಕಿದ್ದ ಎಲೆಗಳೇ ಕಸದ ಬುಟ್ಟಿ ಸೇರಿದ್ದರಿಂದ ಯಾರಿಗೂ ಏನೂ ಕಾಣಲಿಲ್ಲ. ತೊಂದರೆ ಹೂವಿನವರೆಗೆ ಏರಿತು, ಇಡೀ ಸಾಲನ್ನು ಕಿತ್ತು ಹಾಕಬೇಕಾಯಿತು.

“ಭಾಳ ಅತ್ತೆ ಅವತ್ತ. ಆವಾಗಿಂದ ಎಲಿ ಮುಟ್ಟತೇನಿ, ಕೀಳೂದಿಲ್ಲ.”

ಅವತ್ತು ಅಳುತ್ತ ಅಬ್ಬಾನಿಗೆ ಫೋನು ಮಾಡಿ ನಡೆದದ್ದೆಲ್ಲ ಹೇಳಿದಾಗಲೂ ಗಿಡದ ಬಗ್ಗೆ ಹೇಳಿದ್ದು ‘ಔಷಧಿ ಗಿಡ’ ಎಂದಷ್ಟೇ. ಅಂದಿನಿಂದ ಅವರು ಪ್ರತಿ ಫೋನಿನಲ್ಲೂ ಎಲೆ ತೋರಿಸೆನ್ನುತ್ತಾರೆ. ಕಂಪನಿ ಬಿಡುವುದಿಲ್ಲ ಎಂದು ಮಗಳು ಜಾರಿಕೊಳ್ಳುತ್ತಾರೆ. ಅದು ಅರ್ಧ ಸತ್ಯ.

“ನಮ್ಮ ಕಡೆ ಹತ್ತಿ ಹೊಲದಾಗ ಅದರ ನಾಕ್ ಗಿಡಾ ಸಿಕ್ರ ಪೊಲೀಸ್ರು ಬರ್ತಾರ್ರಿ. ಮಗಳು ಅದನ್ನs ಬೆಳಸ್ತಾಳ ಅಂದ್ರ ಅಬ್ಬಾ ಮಸೀದಿಗೆ ಹೆಂಗ ಹೋಗಬೇಕು? ನನ್ನ ಕೂಡ ಮಾತು ಬಿಟ್ರ ಏನ್ ಮಾಡ್ಲಿ?”

ಲೇಖನದಲ್ಲಿ ಗಿಡದ ಹೆಸರು ಬರುತ್ತದೆ ಎಂದು ನಾನು ಹೇಳಿದಾಗ ಮೀಟರನ್ನು ತೊಳೆದು ಒರೆಸಿಟ್ಟರು. ಆಮೇಲೆ, “ಪೇಪರ್‌ನ್ಯಾಗ ಓದಿ ತಿಳಕೊಳ್ಳೂದಕಿಂತ ನನ್ನ ಬಾಯಿಂದ ಕೇಳ್ಲಿ. ಸಂಜೀಕ ಮನಿಗೆ ಬರ್ರಿ,” ಎಂದರು.

ಅವರ ಮನೆಯಲ್ಲಿ ಬಟ್ಟೆ ಒಗೆಯುವ ಕೋಣೆಯ ಕಿಟಕಿಗೆ ಒಂದು ವೀಳ್ಯದ ಬಳ್ಳಿ ಹಬ್ಬಿದೆ. ಸ್ಯಾಂಡ್ರಿಂಗಮ್ ಎಂಬ ಬಡಾವಣೆಯ, ಫಿಜಿ ಮೂಲದ ಆಂಟಿಯೊಬ್ಬರು ಕೊಟ್ಟ ತುಂಡು. ಇಲ್ಲಿನ ಚಳಿಗೆ ಮೈಮುದುಡಿಕೊಂಡೇ ಬದುಕಿದೆ. ವಿಡಿಯೊ ಕಾಲ್‌ನಲ್ಲಿ ಇಕ್ರಾಮ್ ಸಾಬ್ ಮೊದಲು ವಿಚಾರಿಸುವುದು ಈ ಬಳ್ಳಿಯನ್ನು, ಆಮೇಲೆ ಮಗಳನ್ನು. ಮನೆಮಾತು ಉರ್ದು, ನನಗೆ ಅದು ಬಾರದು. ಪಕ್ಕದಲ್ಲಿ ಕೂತ ಮೆಹ್ನಾಜ್‌ರ ಮಗಳು ಅಕ್ಸಾ, “ಜಸ್ಟ್ ಟೆಲ್ ಹಿಮ್, ಮಮ್,” ಎಂದು ಪಿಸುಗುಟ್ಟುತ್ತಾಳೆ.

ಮೆಹ್ನಾಜ್ ಹೇಳಿಬಿಡುತ್ತಾರೆ. ಗಾಂಜಾ ಎಂಬ ಶಬ್ದ ಮಾತ್ರ ನನಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಆ ಕಡೆಯ ಫೋನು ಅಂಗಾತ ಬೀಳುತ್ತದೆ. ಪರದೆಯ ಮೇಲೆ ಸವಣೂರಿನ ಸೂರು ಮತ್ತು ತಿರುಗುವ ಫ್ಯಾನು, ಅಷ್ಟೇ. ಮೂವರೂ ಆ ಫ್ಯಾನನ್ನೇ ನೋಡುತ್ತ ಕೂರುತ್ತೇವೆ. ಮೆಹ್ನಾಜ್‌ರ ಕಣ್ಣುಗಳು ತುಂಬಿಕೊಳ್ಳುತ್ತವೆ. ಬಳ್ಳಿಯ ತುದಿಯನ್ನು ಬೆರಳಿಗೆ ಸುತ್ತುತ್ತಾರೆ, ಬಿಚ್ಚುತ್ತಾರೆ.

ಕೊನೆಗೆ ಬಿಳಿ ಗಡ್ಡ ಮತ್ತೆ ಕಾಣಿಸುತ್ತದೆ. ಅವರು ಏನೋ ಕೇಳುತ್ತಾರೆ. ಮೆಹ್ನಾಜ್ ತಲೆಯಾಡಿಸುತ್ತಾರೆ. ಅವರು ಮತ್ತೇನೋ ಹೇಳುತ್ತಾರೆ. ಮೆಹ್ನಾಜ್ ದುಪಟ್ಟಾದಲ್ಲಿ ಮುಖ ಮುಚ್ಚಿಕೊಳ್ಳುತ್ತಾರೆ.

“ಹಳದಿ ಎಲಿ ಕಿತ್ತಿಲ್ಲಲ್ಲ, ಅಂದ್ರು. ಇಲ್ಲ ಅಂದೆ,” ಎಂದು ಫೋನಿಟ್ಟ ಮೇಲೆ ನನಗೆ ಹೇಳುತ್ತಾರೆ. “ಹಂಗಾದ್ರ ನನಗ ತೋರಸು, ಅಂದ್ರು.”

ಮಾರನೆಯ ಬೆಳಗ್ಗೆ ಮತ್ತೆ ಅದೇ ಶೆಡ್ಡು. ಪಿಎಚ್ ಸರಿಮಾಡಿದ ನೀರು ಹಾಯಿಸಿ ಮಣ್ಣಿನ ಹುಳಿ ತೊಳೆಯುತ್ತಿದ್ದಾರೆ. ಕೆಳಗಿನ ಆ ಎಲೆ ಹಾಗೆಯೇ ಇದೆ. ಇದು ಮತ್ತೆ ಹಸಿರಾಗುತ್ತದೆಯೇ ಎಂದು ಕೇಳುತ್ತೇನೆ.

“ಇಲ್ರಿ. ಹಳದಿ ಆದದ್ದು ಆತು. ಮ್ಯಾಲಿನ ಎಲಿ ಹಸರ ಉಳದ್ರ ಸಾಕು.” ಎಲೆಯ ಅಡಿಗೆ ಅಂಗೈ ಒಡ್ಡುತ್ತಾರೆ. “ಅಬ್ಬಾ ಬಂದ್ರ ಮೊದಲ ಇದನ್ನs ಕೇಳ್ತಾರ. ಆ ಮಂಡಿ ಇಟಗೊಂಡು ಇಷ್ಟ ದೂರ ಬರೂದಿಲ್ಲ ಅಂತ ನನಗೂ ಗೊತ್ತೈತಿ. ಆದ್ರೂ ಇರಲಿ.”