ದೋಣಿಯಿಲ್ಲದ ಕಡಲು

ನೌಕಾಪಡೆಯಿಂದ ನಿವೃತ್ತನಾಗಿ ಜಮಖಂಡಿಗೆ ಬಂದ ಮೇಲೆ ನಾನು ಕಡಲಿನ ಚಿತ್ರ ಬರೆಯತೊಡಗಿದೆ. ಅದೂ ಒಂದೇ ದಿನದ ಕಡಲು. ಕ್ಷಿಪಣಿ ಬಡಿದು ಒಂದು ಸರಕು ಹಡಗು ಉರಿಯುತ್ತಿತ್ತು. ಅದರಲ್ಲಿದ್ದವರನ್ನು ಕರೆತರಲು ನಮ್ಮ ಯುದ್ಧನೌಕೆಯಿಂದ ರಬ್ಬರ್ ದೋಣಿ ಇಳಿಯಿತು. ದೋಣಿಯಲ್ಲಿ ನಾನಿದ್ದೆ, ಜೊತೆಯ ನಾವಿಕ, ನಮ್ಮ ಕಡೆಯ ಬಾಡಗಂಡಿ ಊರಿನ ಗೆಳೆಯನಿದ್ದ. ಎಲ್ಲರೂ ಬದುಕಿ ಬಂದೆವು. ಆದರೂ ಅಂದಿನ ಸೈರನ್ನಿನಂತೆ ಕುಕ್ಕರ್ ಸೀಟಿ ಹೊಡೆದರೆ ಇಂದಿಗೂ ನನ್ನ ಕೈ ಹಿಡಿದುಕೊಳ್ಳಲು ಏನನ್ನಾದರೂ ಹುಡುಕುತ್ತದೆ.

ಹಡಗು, ಹೊಗೆ, ಬೆಂಕಿ ಎಲ್ಲ ಕ್ಯಾನ್ವಾಸಿಗೆ ಬಂದವು. ದೋಣಿ ಬರಲಿಲ್ಲ. ನೌಕೆಯ ಊಟದ ಕೋಣೆಯಲ್ಲಿ ತೂಗುಹಾಕಿದ್ದ ಹಳೆಯ ಯುದ್ಧಚಿತ್ರಗಳಲ್ಲಿ ಎಲ್ಲವೂ ನೆಟ್ಟಗಿರುತ್ತಿದ್ದವು. ನನಗೂ ಹಾಗೇ ಬೇಕಿತ್ತು. ಕುಂಚ ನಡುಗಿ ಗೆರೆ ಸೊಟ್ಟಾದ ಕೂಡಲೇ ಒರೆಸಿಬಿಡುತ್ತಿದ್ದೆ.

ಕೃಷ್ಣೆಯ ಮಹಾಪೂರ ನೋಡುತ್ತ ಬೆಳೆದ ಹೆಂಡತಿಯದು ಬೇರೆಯೇ ತಕರಾರು.

"ಹೊಳಿ ಬಂದಾಗ ನೀರು ಕೆಂಪಿರತೈತಿ. ನಿಮ್ಮದೇನ್ರಿ, ಕರ್ರಗ?"

"ಅದು ಹೊಳಿ ಅಲ್ಲ, ಸಮುದ್ರ."

"ಯಾವದಾದರ ಏನು, ನೀರ ಅಲ್ಲೇನು?"

ಅಲೆಯ ನೊರೆಯ ಬಣ್ಣ ಮಾತ್ರ ಅವಳ ತವರಿನವರ ಬೆಲ್ಲದ ಗಾಣದಲ್ಲಿ ಸಿಕ್ಕಿತು, ಮಹಾಲಿಂಗಪುರದ ಹತ್ತಿರ. ಕುದಿಯುವ ಕಬ್ಬಿನ ಹಾಲು ಕಡಾಯಿಯ ಅಂಚಿಗೆ ಉಕ್ಕಿತು. ಹೊಗೆ ಕುಡಿದ, ಹಳದಿ ಬೆರೆತ ಬಿಳುಪು. ಆ ದಿನ ದೋಣಿಯ ಸುತ್ತ ಇದ್ದದ್ದೂ ಅದೇ. ಬೆಲ್ಲ ಕಟ್ಟಿಸಿಕೊಂಡು, ನಗುತ್ತಲೇ ಮನೆಗೆ ಬಂದೆ.

ಮರುದಿನ ಬಾಡಗಂಡಿಯ ಗೆಳೆಯ ಚಿತ್ರ ನೋಡಲು ಬರುವವನಿದ್ದ. "ನನ್ನ ಛಲೋತ್ನಂಗ ತಗದಿಯಿಲ್ಲೋ?" ಎಂದು ಫೋನಿನಲ್ಲಿ ಕೇಳಿದ್ದ. ಅವನಿಲ್ಲದ ಚಿತ್ರವನ್ನು ಅವನಿಗೆ ತೋರಿಸುವುದು ಹೇಗೆ?

ಬಂದವನು ಬೆಲ್ಲದ ತಾಟು ಹಿಡಿದು ಚಿತ್ರದ ಮುಂದೆ ನಿಂತ.

"ಹಡಗ ಐತಿ, ಬೆಂಕಿ ಐತಿ. ನಾವೆಲ್ಲಿ ಅದೀವಲೇ?"

"ಕೈ ನಡಗತೈತಿ. ದೋಣಿ ನೆಟ್ಟಗ ಬರವಲ್ದು."

"ಅವತ್ತರ ಎಲ್ಲಿ ನೆಟ್ಟಗಿತ್ತು ಮಗನ? ನಾ ವಾಂತಿ ಮಾಡಿದ್ದು ನಿನ್ನ ಬೂಟಿನ ಮ್ಯಾಲ."

"ಇದನ್ನ ಇವ್ರು ಹೇಳಿದ್ದಿಲ್ಲ ನೋಡ್ರಿ," ಎಂದಳು ಹೆಂಡತಿ ಅಡುಗೆಮನೆಯಿಂದ.

ಕುಂಚ ತೆಗೆದುಕೊಂಡೆ. ಕೈ ನಡುಗಿತು, ಒರೆಸಲಿಲ್ಲ. ದೋಣಿ ಅಲೆಯ ಮೇಲೆ ಸೊಟ್ಟಗೆ ಎದ್ದಿತು, ಅಂದು ಎದ್ದ ಹಾಗೆಯೇ. ಒಳಗೆ ನಮ್ಮನ್ನು ಚುಕ್ಕೆಗಳಾಗಿ ಕೂರಿಸಿದೆ.

"ಎಡಕಿನಾಂವ ನಾನಽ?"

"ಹೂಂ."

"ಅಷ್ಟ ದಪ್ಪ ಇದ್ದಿದ್ದಿಲ್ಲ ಬಿಡು."

ಆಗ ಕುಕ್ಕರ್ ಸೀಟಿ ಹೊಡೆಯಿತು. ನನ್ನ ಕೈ ಅವನ ತೋಳು ಹಿಡಿಯಿತು. ಅವನ ಕೈ ಅಷ್ಟರಲ್ಲೇ ನನ್ನ ಅಂಗಿ ಹಿಡಿದಿತ್ತು, ಬೆಲ್ಲ ಅಂಟಿದ ಕೈ. ಇಬ್ಬರಿಗೂ ನಗು ತಡೆಯಲಾಗಲಿಲ್ಲ.