ಸಪ್ನಾ ಎತ್ತದ ಬಾವುಟ

ಖಾನಾಪುರ–ಬೆಳಗಾವಿ ಬಸ್ಸಿನ ಕಂಡಕ್ಟರ್ ಸಪ್ನಾಳ ಬಗ್ಗೆ ಕಾಯಂ ಪ್ರಯಾಣಿಕರಿಗೆ ಎರಡು ಸಂಗತಿ ಗೊತ್ತಿತ್ತು. ಒಂದು, ಯಾರಾದರೂ ಬಾಗಿಲಲ್ಲಿ ನೇತಾಡುತ್ತಿದ್ದರೆ ಅವಳು ಬಸ್ಸು ಬಿಡಲು ಸೀಟಿ ಊದುವುದಿಲ್ಲ. ಎರಡು, ಸಂಜೆ ಡ್ಯೂಟಿ ಮುಗಿದ ಮೇಲೆ ಖಾಕಿ ಬಿಚ್ಚಿಟ್ಟು, ಬೂಟು ಕಟ್ಟಿಕೊಂಡು, ಬೆಳಗಾವಿಯ ಫುಟ್‌ಬಾಲ್ ಮೈದಾನದಲ್ಲಿ ಗೆರೆಯುದ್ದಕ್ಕೂ ಓಡುತ್ತಾಳೆ. ಆಡುವುದಕ್ಕಲ್ಲ. ಅವಳು ಸಹಾಯಕ ರೆಫರಿ. ಕೈಯಲ್ಲಿ ಬಾವುಟ ಹಿಡಿದು ಯಾರು ಆಫ್‌ಸೈಡ್, ಯಾರು ಅಲ್ಲ ಎಂದು ಹೇಳುವವಳು.

ಈ ದಾರಿಗೆ ಅವಳನ್ನು ಎಳೆದವರು ವಡಗಾವಿಯ ಗುರುಸಿದ್ದಪ್ಪ. ಹಗಲು ಮಗ್ಗದಲ್ಲಿ ಸೀರೆ ನೇಯುತ್ತ, ಸಂಜೆ ಪಂದ್ಯ ನಡೆಸುತ್ತ ಮೂವತ್ತು ವರ್ಷ ಕಳೆದ ಮನುಷ್ಯ. ಕಾಲೇಜಿನಲ್ಲಿದ್ದಾಗ ಸಪ್ನಾ ಮೊಣಕಾಲು ಉಳುಕಿಸಿಕೊಂಡು ಮೈದಾನದ ಅಂಚಿನಲ್ಲಿ ಕುಂತಿದ್ದಳು. ಅಂದು ಲೈನ್ಸ್‌ಮನ್ ಬಂದಿರಲಿಲ್ಲ. "ಸುಮ್ನ ಕುಂತ ಏನ ಮಾಡ್ತಿ? ತಗೋ, ಝೇಂಡಾ ಹಿಡಿ," ಎಂದು ಗುರುಸಿದ್ದಪ್ಪ ಬಾವುಟ ಕೊಟ್ಟರು. ಕುಂಟುತ್ತಲೇ ನಿಂತ ಹುಡುಗಿ ಆ ದಿನ ಒಂದೂ ತಪ್ಪು ಮಾಡಲಿಲ್ಲ.

ಅಲ್ಲಿಂದ ಹನ್ನೊಂದು ವರ್ಷ. ಜಿಲ್ಲೆ, ರಾಜ್ಯ, ಎರಡನೆಯ ದರ್ಜೆಯ ಲೀಗು, ಒಂದೊಂದೇ ಮೆಟ್ಟಿಲು. ೨೦೨೦ರ ಮಾರ್ಚಿನಲ್ಲಿ ಪತ್ರ ಬಂತು: ದೇಶದ ಅಗ್ರ ಲೀಗಿನಲ್ಲಿ, ಗೋವಾದಲ್ಲಿ ನಡೆಯುವ ಪಂದ್ಯಕ್ಕೆ ಸಪ್ನಾ ಸಹಾಯಕ ರೆಫರಿ. ಅವಳ ಬಸ್ಸಿನ ಡ್ರೈವರ್ ಬಾಳಪ್ಪ ಬಸ್ ಸ್ಟ್ಯಾಂಡಿನಲ್ಲಿ ಕಂಡಕಂಡವರಿಗೆಲ್ಲ ಪೇಢೆ ಹಂಚಿದ.

ಖಾನಾಪುರದಲ್ಲಿ ರೈಲು ಹತ್ತಿ ಘಟ್ಟ ಇಳಿದು ಅವಳು ಗೋವಾ ಸೇರಿದಳು. ಪಂದ್ಯದ ದಿನ ಬೆಳಿಗ್ಗೆ, ಹೊಸ ಅಂಗಿಗೆ ಬ್ಯಾಡ್ಜು ಹೊಲಿಯುತ್ತಿರುವಾಗ ಫೋನು ಬಂತು. ಲೀಗು ನಿಲ್ಲಿಸಿದ್ದಾರೆ. ಕೊರೊನಾ. ಎಲ್ಲರೂ ಊರಿಗೆ ಮರಳಿ.

ಮುಂದೆ ಒಂದು ತಿಂಗಳಿಗೆ ನಿರ್ಧಾರವೂ ಬಂತು. ಉಳಿದ ಪಂದ್ಯಗಳನ್ನು ಆಡಿಸುವುದಿಲ್ಲ; ಪಟ್ಟಿಯಲ್ಲಿ ಮೇಲಿದ್ದ ತಂಡವೇ ಚಾಂಪಿಯನ್. ಗೆದ್ದವರಿಗೆ ಕಪ್ ಸಿಕ್ಕಿತು, ಸೋತವರಿಗೆ ಮುಂದಿನ ವರ್ಷ ಸಿಕ್ಕಿತು. ಸಪ್ನಾಳ ಪಂದ್ಯ ಮಾತ್ರ ಎಲ್ಲಿಯೂ ದಾಖಲಾಗದೆ ಮಾಯವಾಯಿತು.

ಬಸ್ಸುಗಳು ಮತ್ತೆ ಓಡತೊಡಗಿದ ಮೇಲೆ ಅವಳಿಗೂ ಜ್ವರ ಹತ್ತಿತು. ಹದಿನಾರು ದಿನ ಮಲಗಿದಳು. ಎದ್ದು ಡ್ಯೂಟಿಗೆ ಹೋದ ದಿನ ಬಸ್ಸಿನ ಮೆಟ್ಟಿಲು ಹತ್ತಿದರೆ ಏದುಸಿರು. ಅದೇ ವಾರ ಸುದ್ದಿ ಬಂತು. ಲೀಗಿನ ಹೊಸ ಋತುವೂ ಮೊಟಕು; ಎಲ್ಲ ತಂಡಗಳನ್ನೂ ಕೋಲ್ಕತ್ತಾದಲ್ಲೇ ಇರಿಸಿಕೊಂಡು, ಹೋಟೆಲು ಮತ್ತು ಮೈದಾನ ಬಿಟ್ಟು ಹೊರಗೆ ಬಿಡದೆ ಮುಗಿಸುತ್ತಾರೆ. ರೆಫರಿಗಳೂ ಬೆರಳೆಣಿಕೆಯಷ್ಟೇ. ನವೆಂಬರಿನ ಓಟದ ಪರೀಕ್ಷೆಯಲ್ಲಿ ಪಾಸಾದವರಿಗೆ ಮಾತ್ರ ಜಾಗ. ಗಂಡಸರ ಪಂದ್ಯವಾದ್ದರಿಂದ ಗಂಡಸರಿಗೆ ಇಟ್ಟ ವೇಗವೇ ಅವಳಿಗೂ.

ಅವಳು ವಡಗಾವಿಗೆ ಹೋಗಿ ಗುರುಸಿದ್ದಪ್ಪನವರ ಕಟ್ಟೆಯ ಮೇಲೆ ಕುಂತಳು. "ಕಾಕಾ, ನನ್ನ ಕೈಲೆ ಆಗೂದಿಲ್ಲರಿ. ದಮ್ಮ ಹತ್ತತೈತಿ."

"ಎಷ್ಟ ಓಡಾಕ ಆಗ್ತೈತಿ ಈಗ?"

"ಒಂದ ಸುತ್ತ ಸೈತ ಆಗೂದಿಲ್ಲ."

"ಅರ್ಧ ಸುತ್ತ?"

"ಅಷ್ಟ ಆಗಬಹುದ್ರಿ."

"ಹಂಗಾರ ನಾಳಿಂದ ಅರ್ಧ ಸುತ್ತ. ಎದ್ದೇಳು, ಚಹಾ ಕುಡದ ಹೋಗು."

ಅರ್ಧ ಸುತ್ತಿನಿಂದಲೇ ಶುರುವಾಯಿತು. ಅರವತ್ತೆರಡರ ಗುರುಸಿದ್ದಪ್ಪ ಮಫ್ಲರ್ ಸುತ್ತಿಕೊಂಡು, ಸೈಕಲ್ ತುಳಿಯುತ್ತ, ಬಾಯಲ್ಲಿ ಸೀಟಿ ಇಟ್ಟುಕೊಂಡು ಪಕ್ಕದಲ್ಲೇ ಬರುತ್ತಿದ್ದರು. ಎಷ್ಟೋ ಮುಂಜಾನೆ ಅವಳು ನಡುದಾರಿಯಲ್ಲಿ ಮೊಣಕಾಲಿಗೆ ಕೈ ಊರಿ ನಿಂತಳು. ಅವರು ಬೈಯಲಿಲ್ಲ, ಹೊಗಳಲೂ ಇಲ್ಲ. ಸೈಕಲ್ಲಿನಿಂದ ಒಂದು ಕಾಲು ಕೆಳಗೂರಿ ಕಾಯುತ್ತಿದ್ದರು. ಉಸಿರು ಹಿಡಿತಕ್ಕೆ ಬಂದ ಮೇಲೆ ಸೀಟಿ ಊದುತ್ತಿದ್ದರು. ಅಕ್ಟೋಬರ್ ಮುಗಿಯುವ ಹೊತ್ತಿಗೆ ಸೈಕಲ್ ಹಿಂದೆ ಬೀಳತೊಡಗಿತು.

ಪರೀಕ್ಷೆ ಬೆಂಗಳೂರಿನಲ್ಲಿ. ಎಪ್ಪತ್ತೈದು ಮೀಟರ್ ಓಟ, ಇಪ್ಪತ್ತೈದು ಮೀಟರ್ ನಡಿಗೆ. ಹೀಗೆ ನಲವತ್ತು ಸಲ. ಎರಡು ಸಲ ತಡವಾದರೆ ಮನೆಗೆ. ಮೂವತ್ತೊಂದನೆಯ ಓಟದಲ್ಲಿ ಅವಳು ಗುರುತಿನ ಕಂಬ ಮುಟ್ಟುವ ಮೊದಲೇ ಸೀಟಿ ಕೇಳಿಸಿತು. ಅಧಿಕಾರಿ ಒಂದು ಬೆರಳು ಎತ್ತಿ ತೋರಿಸಿದ. ಉಳಿದ ಒಂಬತ್ತು ಓಟಗಳನ್ನು ಹೇಗೆ ಓಡಿದಳೆಂದು ಅವಳಿಗೇ ಇಂದಿಗೂ ನೆನಪಿಲ್ಲ. ನಲವತ್ತನೆಯದು ಮುಗಿದಾಗ ಹುಲ್ಲಿನ ಮೇಲೆ ಅಂಗಾತ ಬಿದ್ದು ಆಕಾಶ ನೋಡಿದ್ದು ಮಾತ್ರ ನೆನಪಿದೆ.

ಕೋಲ್ಕತ್ತಾದಲ್ಲಿ ಎರಡೂವರೆ ತಿಂಗಳು. ದಿನ ಬಿಟ್ಟು ದಿನ ಮೂಗಿಗೆ ಕಡ್ಡಿ, ಊಟ ಬಾಗಿಲ ಮುಂದೆ. ಮೊದಲ ಪಂದ್ಯಕ್ಕೆ ಗೆರೆಯ ಬಳಿ ನಿಂತಾಗ, ಗೋವಾದಲ್ಲಿ ಕೈತಪ್ಪಿದ್ದು ಇದೇ ಅಲ್ಲವೇ ಎನಿಸಿ ಕಣ್ಣು ಮಂಜಾಯಿತು. ತೋಳಿನಿಂದ ಒರೆಸಿಕೊಂಡು ಬಾವುಟ ಬಿಚ್ಚಿದಳು. ಒಂದರ ಹಿಂದೊಂದು ಪಂದ್ಯಗಳು ತಪ್ಪಿಲ್ಲದೆ ಸಾಗಿದವು. ಹಾಗಾಗಿ ಮಾರ್ಚಿನ ಕೊನೆಯ ಪಂದ್ಯದ ಪಟ್ಟಿಯಲ್ಲೂ ಅವಳ ಹೆಸರು ಬಂತು.

ಆ ಪಂದ್ಯವೇ ಕಪ್ ಯಾರಿಗೆಂದು ತೀರ್ಮಾನಿಸುವಂಥದ್ದು. ಸಮವಾದರೆ ಕೆಂಪು ಅಂಗಿಯವರು ಚಾಂಪಿಯನ್, ನೀಲಿಯವರು ಗೆಲ್ಲಲೇಬೇಕು. ಎಂಬತ್ತೆಂಟನೆಯ ನಿಮಿಷದವರೆಗೂ ಒಂದು–ಒಂದು. ಆಗ ನೀಲಿ ತಂಡದವನೊಬ್ಬ ನಡುಮೈದಾನದಿಂದ ಉದ್ದಕ್ಕೆ ಚೆಂಡು ಹೊಡೆದ. ಮುಂದಿದ್ದ ನೀಲಿ ಆಟಗಾರ ಕೆಂಪಿನ ಮೂವರು ಕಾವಲುಗಾರರನ್ನು ದಾಟಿ ಒಬ್ಬನೇ ನಿಂತಂತೆ ಕಾಣುತ್ತಿತ್ತು. ಕೆಂಪಿನ ಮೂವರೂ ಆಫ್‌ಸೈಡ್ ಎಂದು ಕೈ ಎತ್ತಿ, ಓಟ ನಿಲ್ಲಿಸಿ, ಸಪ್ನಾಳ ಕಡೆ ತಿರುಗಿದರು.

ಅವಳು ನೋಡುತ್ತಿದ್ದುದು ಆ ಮೂವರನ್ನಲ್ಲ. ದೂರದ ಅಂಚಿನಲ್ಲಿ ನಾಲ್ಕನೆಯ ಕಾವಲುಗಾರನೊಬ್ಬ ಮುಂದೆ ಬರಲು ತಡಮಾಡಿ ತನ್ನ ಗೋಲಿನ ಕಡೆ ಹಿಂದೆಯೇ ಉಳಿದಿದ್ದ. ಚೆಂಡು ಒದ್ದ ಗಳಿಗೆಯಲ್ಲಿ ಅವನ ಕಾಲು ನೀಲಿ ಆಟಗಾರನಿಗಿಂತ ಗೇಣುದ್ದ ಹಿಂದಿತ್ತು. ಅಂದರೆ ಆಫ್‌ಸೈಡ್ ಅಲ್ಲ. ಬಾವುಟ ಕೆಳಗೇ ಉಳಿಯಿತು. ಅವಳು ಓಡಿದಳು. ಚೆಂಡು ಬಲೆಗೆ ಬಿತ್ತು.

ಪ್ರೇಕ್ಷಕರಿಲ್ಲದ ಮೈದಾನ, ಪ್ರತಿಯೊಂದು ಬೈಗುಳವೂ ಸ್ಪಷ್ಟವಾಗಿ ಕೇಳಿಸಿತು. ಕೆಂಪು ತಂಡದ ಕೋಚ್ ಗೆರೆ ದಾಟಿ ಬಂದು, "ಈಕೆಗೆ ಬಾವುಟ ಕೊಟ್ಟವರು ಯಾರು?" ಎಂದು ಕೂಗಿದ. ಆಟಗಾರರು ಸುತ್ತುವರಿದರು. ರೆಫರಿ ಅವರನ್ನು ಸರಿಸಿ ಬಂದು ಹಿಂದಿಯಲ್ಲಿ ಕೇಳಿದ, "ಖಾತ್ರಿಯೇ?"

"ಖಾತ್ರಿ. ಆ ಕಡೆಯವನು ಹಿಂದಿದ್ದ. ಗೋಲು."

ಬಸ್ಸಿನ ಬಾಗಿಲಲ್ಲಿ ನೇತಾಡುವವರ ಮುಂದೆ ಹೇಗೆ ನಿಲ್ಲುತ್ತಿದ್ದಳೋ ಹಾಗೇ ನಿಂತಿದ್ದಳು. ರೆಫರಿ ನಡುಗೆರೆಯತ್ತ ಕೈ ತೋರಿದ. ಎರಡು–ಒಂದು. ಕಪ್ ನೀಲಿಯವರದಾಯಿತು.

ಪಂದ್ಯ ಮುಗಿದು ರೆಫರಿಗಳ ಕೋಣೆಗೆ ಬಂದಾಗ, ಅವರ ಕೆಲಸಕ್ಕೆ ಅಂಕ ಕೊಡುವ ಹಿರಿಯರು ಲ್ಯಾಪ್‌ಟಾಪ್ ಅವಳತ್ತ ತಿರುಗಿಸಿದರು. ಚೆಂಡು ಒದ್ದ ಗಳಿಗೆಗೆ ನಿಲ್ಲಿಸಿದ ಚಿತ್ರ. ಮೇಲೆ ನೀಲಿ ಆಟಗಾರನ ನೇರಕ್ಕೆ ಎಳೆದ ಒಂದು ಗೆರೆ. ದೂರದ ಆ ಕಾಲು ಗೆರೆಯ ಹಿಂದೆ, ಸರಿಯಾಗಿ ಗೇಣುದ್ದ. ಹಿರಿಯರು ಎದ್ದು ನಿಂತು ಚಪ್ಪಾಳೆ ತಟ್ಟಿದರು; ಜೊತೆಯವರೂ ಎದ್ದರು. ಅಷ್ಟರಲ್ಲಿ ಬಾಗಿಲಲ್ಲಿ ಕೆಂಪು ತಂಡದ ಕೋಚ್ ಕಾಣಿಸಿಕೊಂಡ. ಚಿತ್ರ ನೋಡಿಯೇ ಬಂದಿದ್ದ. ಮಾಸ್ಕ್ ಸರಿಮಾಡಿಕೊಂಡು, ಕೈ ಮುಗಿದು, "ಕ್ಷಮಿಸಿ ಮೇಡಂ. ನಮ್ಮವರೆಲ್ಲ ನಿಂತರು, ನೀವೊಬ್ಬರೇ ಓಡಿದಿರಿ," ಎಂದ. ಸಪ್ನಾ ತಾನೂ ಕೈ ಮುಗಿದಳು. ಅವನು ಹೋದ ಮೇಲೆ ಗೋಡೆಗೆ ಒರಗಿ ಜೋರಾಗಿ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು.

ಖಾನಾಪುರದ ಸ್ಟೇಷನ್ನಿನಲ್ಲಿ ಅವಳು ಇಳಿದಾಗ ಬಾಳಪ್ಪ ಡಿಪೋದ ಗೆಳೆಯರೊಡನೆ ಹಲಗಿ ಬಾರಿಸುವವರನ್ನೇ ಕರೆತಂದಿದ್ದ. ವಡಗಾವಿಯಿಂದ ಗುರುಸಿದ್ದಪ್ಪ ಬಂದಿದ್ದರು. ಅವ್ವ ಫಕೀರವ್ವ ಕುರಿ ಮೇಯಿಸುವುದನ್ನು ಒಂದು ದಿನ ಬೇರೆಯವರಿಗೆ ಒಪ್ಪಿಸಿ, ಹಸಿರು ಇಳಕಲ್ ಸೀರೆ ಉಟ್ಟು ನಿಂತಿದ್ದಳು. ಮಗಳ ಕೊರಳಿಗೆ ಹಾರ ಹಾಕುವುದನ್ನು ನೋಡಿ ಹತ್ತಿರ ಬಂದು ಮೆಲ್ಲಗೆ ಕೇಳಿದಳು, "ಗೋಲ ನೀ ಹೊಡದೇನವಾ?"

"ಇಲ್ಲವ್ವಾ."

"ಮತ್ತ ಏನ ಮಾಡಿದಿ?"

"ಏನೂ ಮಾಡ್ಲಿಲ್ಲ. ಕೈ ಎತ್ತಲಿಲ್ಲ, ಅಷ್ಟ."

ಫಕೀರವ್ವ ಹಲಗಿಯವರನ್ನೊಮ್ಮೆ, ನೆರೆದ ಮಂದಿಯನ್ನೊಮ್ಮೆ ನೋಡಿ, "ಕೈ ಎತ್ತದಿದ್ದಕ್ಕ ಇಷ್ಟ ಮಂದಿ ಕೂಡ್ಯಾರ?" ಎಂದು ಬೆರಗಾದಳು.

ಗುರುಸಿದ್ದಪ್ಪ ನಕ್ಕುಬಿಟ್ಟರು. "ಫಕೀರವ್ವಾ, ಎಲ್ಲಾರೂ ಎತ್ತು ಎತ್ತು ಅಂತ ಒದರೂ ಮುಂದ ಎತ್ತದ ನಿಂದರೂದು ಸಣ್ಣ ಕೆಲಸ ಅಲ್ಲವಾ. ಮೂವತ್ತ ವರ್ಷ ನಾನೂ ಝೇಂಡಾ ಹಿಡದೇನಿ. ಅಂಥಾದೊಂದು ನನ್ನ ಕೈಲೆ ಆಗಿಲ್ಲ, ಖರೇ ಹೇಳ್ತೀನಿ."

ಹಲಗಿಯ ಸದ್ದು ಏರಿತು. ಗುರುಸಿದ್ದಪ್ಪ ಆಡಿದ್ದು ಸಪ್ನಾಳಿಗೆ ಮಾತ್ರ ಪೂರ್ತಿ ಕೇಳಿಸಿತ್ತು; ಅವಳು ಬಾಗಿ ಅವರ ಕಾಲು ಮುಟ್ಟಿದಳು. ಬಾಳಪ್ಪ ಗುಂಪು ಸೀಳಿಕೊಂಡು ಬಂದು ಅವಳ ಬ್ಯಾಗು ಹೆಗಲಿಗೇರಿಸಿದ.

"ನಡೀರಿ ಅಕ್ಕಾರ, ಪೇಟಿಯಾಗ ಮಂದಿ ಕಾಯಾಕತ್ತಾರ. ನಾಳಿ ಮುಂಜಾನಿ ಏಳೂವರೆ ಟ್ರಿಪ್ ನಮ್ಮದ ಐತಿ, ಮರೀಬ್ಯಾಡ್ರಿ ಮತ್ತ!"

"ಇಲ್ಲೋ ಮಾರಾಯಾ, ಬರ್ತೀನಿ," ಎಂದು ಸಪ್ನಾ ಅವ್ವನ ಕೈ ಹಿಡಿದು ಮೆರವಣಿಗೆಯ ನಡುವೆ ನಡೆದಳು.