ಡಿಕಾಕ್ಷನ್ ಬಣ್ಣದ ಅಡುಗೆಮನೆ

ಕಳೆದ ಭಾನುವಾರ ನಮ್ಮ ಹೊಸ ಅಡುಗೆಮನೆ ನೋಡಲು ಎದುರು ಫ್ಲ್ಯಾಟಿನ ಸರೋಜಿನಿ ಗಾರು ಬಂದರು. ಬಾಗಿಲಲ್ಲಿ ನಿಂತು ಅವರು ಮೊದಲು ಮಾಡಿದ ಕೆಲಸ, ಗೋಡೆ ತಡವಿ ಸ್ವಿಚ್ ಹುಡುಕಿದ್ದು.

"ಏಮಂಡೀ, ಕರೆಂಟು ಪೋಯಿಂದಾ?"

ಕರೆಂಟು ಹೋಗಿರಲಿಲ್ಲ. ಟ್ಯೂಬ್‌ಲೈಟ್ ಅವರ ತಲೆಯ ಮೇಲೇ ಉರಿಯುತ್ತಿತ್ತು. ಕಣ್ಣು ಹೊಂದಿಕೊಂಡ ಮೇಲೆ ಅವರಿಗೆ ನನ್ನ ಕಪಾಟುಗಳು ಕಂಡವು. ನೆಲದಿಂದ ತಲೆಯೆತ್ತರದವರೆಗೆ ಮರ. ಹಾಲು ಹಾಕದ ಡಿಕಾಕ್ಷನ್ ಬಣ್ಣದ್ದು. ಮೇಲಿನ ಬಾಗಿಲುಗಳಿಗೆ ಗಾಜು, ಹಿತ್ತಾಳೆಯ ಗುಂಡು ಹಿಡಿ.

"ಹೊಸಾ ಅಡುಗೆಮನೆ ಅಂದ್ರಲ್ಲಾ ಅಂಡೀ?" ಅಂದರು, ತಮಗೆ ಬರುವ ಅರೆ ಕನ್ನಡದಲ್ಲಿ.

ಅವರ ತಪ್ಪಿಲ್ಲ. ಈಗ ವಿಜಯವಾಡದಲ್ಲಿ ಯಾರ ಹೊಸ ಫ್ಲ್ಯಾಟಿಗೆ ಹೋದರೂ ಅಡುಗೆಮನೆ ಬೆಣ್ಣೆ ಬಣ್ಣದ ಸನ್ಮೈಕಾ. ನರ್ಸಿಂಗ್ ಹೋಮಿನ ಹಾಗೆ ಫಳಫಳ. ಅಂಥ ಊರಿನಲ್ಲಿ, ಗವರ್ನರ್‌ಪೇಟೆಯ ಹಿಂದಿನ ಗಲ್ಲಿಯ ಮೂರನೇ ಮಹಡಿಯಲ್ಲಿ, ಇವಳೊಬ್ಬಳು ದುಡ್ಡು ಕೊಟ್ಟು ಕತ್ತಲೆ ತಂದು ಇಟ್ಟುಕೊಂಡಿದ್ದಾಳೆ ಅಂದರೆ ಏನನ್ನಬೇಕು?

ಆ ಕತ್ತಲೆ ವಿಶಾಖಪಟ್ಟಣದ್ದು.

ಹತ್ತು-ಹನ್ನೆರಡು ವರ್ಷದ ಹಿಂದಿನ ಮಾತು. ನಮ್ಮವರು ಬ್ಯಾಂಕಿನ ಆಫೀಸರ್. (ಬ್ಯಾಂಕಿನವರ ಹೆಂಡತಿಯರಿಗೆ ತವರು ಒಂದೇ, ಗಂಡನ ಮನೆ ಮಾತ್ರ ಊರಿಗೊಂದು.) ವಿಶಾಖಪಟ್ಟಣದಲ್ಲಿ ಸಮುದ್ರಕ್ಕೆ ಹತ್ತಿರದ ಒಂದು ಹಳೇ ಮನೆಯ ಮೇಲ್ಮಹಡಿ ನಮಗೆ ಬಾಡಿಗೆಗೆ ಸಿಕ್ಕಿತ್ತು. ಕೆಳಗೆ ಮನೆ ಒಡತಿ ಅನ್ನಪೂರ್ಣಮ್ಮ ಗಾರು. ನಾನು ಒಂದು ಬಟ್ಟಲು ಹುಳಿ ಕೊಟ್ಟರೆ ಅವರು ಆ ಬಟ್ಟಲನ್ನು ಖಾಲಿ ವಾಪಸು ಕೊಡುತ್ತಿರಲಿಲ್ಲ. ಅದರಲ್ಲಿ ಹಾಕಲು ಏನಾದರೂ ಹುಡುಕುವ ಹೊತ್ತಿಗೆ "ಕೂರ್ಚೋ ಅಮ್ಮಾ" ಎಂದು ಮಣೆ ತಳ್ಳುತ್ತಿದ್ದರು. ನಾನು ಅವರ ಅಡುಗೆಮನೆಯಲ್ಲಿ ಕೂತಿರುತ್ತಿದ್ದೆ.

ಸುತ್ತಲೂ ಕಪ್ಪು ಮರದ ಕಪಾಟುಗಳು. ಗಾಜಿನ ಹಿಂದೆ ಆವಕಾಯಿ ಜಾಡಿಗಳು. ಹಾಲು ಮೊಸರಿಗೆ ಜಾಲರಿಯ ಬೀರು. ಮಧ್ಯಾಹ್ನ ಮೂರು ಗಂಟೆಗೆ ಪಶ್ಚಿಮದ ಕಿಟಕಿಯಿಂದ ಬೆಳಕು ಒಳಗೆ ಬರುತ್ತಿತ್ತು. ಬಿಳಿ ಗೋಡೆಯ ಮೇಲೆ ಬಿದ್ದ ಬೆಳಕು ಸುಮ್ಮನೆ ಬಿದ್ದಿರುತ್ತದೆ. ಕಪ್ಪು ಮರದ ಮೇಲೆ ಅದು ಮೆಲ್ಲಗೆ ಓಡಾಡುತ್ತದೆ. ಒಂದು ಹಿತ್ತಾಳೆ ಹಿಡಿ ಹೊಳೆದು, ಆರಿ, ಮುಂದಿನದು ಹೊಳೆಯುವುದನ್ನು ನೋಡುತ್ತಾ ನಾನು ಬಟ್ಟಲು ಮರೆತು ಮೇಲೆ ಹೋದದ್ದೂ ಉಂಟು.

ಮೇಲೆ ನನ್ನ ಅಡುಗೆಮನೆಯಲ್ಲಿ ಏನಿತ್ತು? ಒಂದು ಸಿಮೆಂಟ್ ಕಟ್ಟೆ, ಒಂದು ಸ್ಟೀಲ್ ಸ್ಟ್ಯಾಂಡು, ಮೂಲೆಯಲ್ಲಿ ಒಂದರ ಮೇಲೊಂದು ಟೀ ಪೆಟ್ಟಿಗೆಗಳು.

ಟ್ರಾನ್ಸ್‌ಫರ್ ಆಗುವ ಮನೆಗಳವರಿಗೆ ಈ ಪೆಟ್ಟಿಗೆಗಳ ಪರಿಚಯ ಹೇಳಬೇಕಾಗಿಲ್ಲ. ಚಹಾ ತುಂಬಿ ಬಂದ ಪ್ಲೈವುಡ್ ಪೆಟ್ಟಿಗೆ, ಅಂಚಿಗೆ ತಗಡಿನ ಪಟ್ಟಿ. ಅರ್ಧ ಪಾತ್ರೆ ಅದರೊಳಗೇ ಇರುತ್ತಿತ್ತು. ತೆಗೆದು ಜೋಡಿಸಿ ಏನು ಮಾಡುವುದು, ಮತ್ತೆ ತುಂಬಬೇಕಲ್ಲ? ಇನ್ನೊಂದು ನೇಮವೂ ಇತ್ತು. ಗೋಡೆಗೆ ಮೊಳೆ ಹೊಡೆಯಬಾರದು. ಹೊಡೆದರೆ ಟ್ರಾನ್ಸ್‌ಫರ್ ಆರ್ಡರ್ ಬರುತ್ತದೆ. ನಗಬೇಡಿ, ಬ್ಯಾಂಕಿನ ಹೆಂಗಸರೆಲ್ಲ ನಂಬುವ ಮಾತಿದು. ಬಟ್ಟೆ ಒಣಹಾಕುವ ಹಗ್ಗಕ್ಕೆ ಎರಡು ಮೊಳೆ ಹೊಡೆಸಿದ ವಾರವೇ ನಾವು ವಿಶಾಖಪಟ್ಟಣ ಬಿಟ್ಟೆವು.

ಊರು ಬಿಟ್ಟರೂ ಆ ಅಡುಗೆಮನೆ ನನ್ನನ್ನು ಬಿಡಲಿಲ್ಲ. ಆಮೇಲೆ ಹೋದ ಪ್ರತಿ ಊರಿನಲ್ಲೂ, ಬಾಡಿಗೆ ಕಟ್ಟೆಯ ಮುಂದೆ ನಿಂತು ಹಾಲು ಉಕ್ಕುವುದನ್ನು ಕಾಯುವಾಗ, ಎದುರಿನ ಬೋಳು ಗೋಡೆಗೆ ಕಪ್ಪು ಕಪಾಟು ಜೋಡಿಸುತ್ತಿದ್ದೆ. ಇಲ್ಲಿ ಗಾಜು, ಅಲ್ಲಿ ಜಾಲರಿ, ಕೆಳಗೆ ಈಳಿಗೆ ಮಣೆಗೆ ಜಾಗ. ಹಾಲು ಉಕ್ಕಿಹೋಗುತ್ತಿತ್ತು.

ಹೋದ ವರ್ಷ ಮಗಳು ಮದುವೆಯಾಗಿ ಮಂಗಳಗಿರಿ ಸೇರಿದಳು. ಅಳಿಯ ತೆಲುಗಿನವನು. ಅವಳಿಗೆ ಹತ್ತಿರವಾಗಲಿ ಎಂದು ಇಲ್ಲೇ ಈ ಫ್ಲ್ಯಾಟು ಕೊಂಡೆವು. ಮೊದಲ ಸಲ ನನ್ನದೇ ಅಡುಗೆಮನೆ. ಹಳೇ ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ ಗೀಚಿ ಗೀಚಿ ನಾನೇ ಡಿಸೈನ್ ಮಾಡಿದೆ. ಬಡಗಿ ವೀರ್ರಾಜು ಪಾಲಿಷ್ ಹಚ್ಚಿದ. ಸಾಲದು ಅಂದೆ. ಮತ್ತೆ ಹಚ್ಚಿದ. ಇನ್ನೂ ಕಪ್ಪು ಅಂದೆ. ಅವನು ನಮ್ಮವರ ಮುಖ ನೋಡಿದ. ನಮ್ಮವರು ಪೇಪರ್ ಓದುತ್ತಿದ್ದರು.

ಕಪಾಟುಗಳು ಸಿದ್ಧವಾದ ದಿನ ವೀರ್ರಾಜು ಅವನ್ನು ಹಾಲ್‌ನಲ್ಲಿ ಸಾಲಾಗಿ ನಿಲ್ಲಿಸಿ, ತಲೆ ಕೆರೆದುಕೊಂಡು ಕೇಳಿದ.

"ಅಮ್ಮಗಾರೂ, ಇವಿ ಬೀರುವಾಲಾ, ಪೆಟ್ಟೆಲಾ?"

ಬೀರುಗಳೋ ಪೆಟ್ಟಿಗೆಗಳೋ ಎಂದರೆ ಏನರ್ಥ? ನನಗೆ ಸಿಟ್ಟೇ ಬಂತು. ನಮ್ಮವರು ಪೇಪರ್ ಮಡಿಸಿಟ್ಟು ಬಂದರು.

"ಎಲ್ಲಾ ಬೇರೆ ಬೇರೆ ಯಾಕೆ? ಒಂದಕ್ಕೊಂದು ಸೇರಿಸಲ್ವಾ?"

"ಬೇರೆ ಇದ್ರೆ ಬಾಗಿಲಲ್ಲಿ ತೂರುತ್ತೆ. ಮೆಟ್ಟಿಲ ತಿರುವಿನಲ್ಲೂ ಇಳಿಯುತ್ತೆ. ಅಳತೆ ತಗೊಂಡೇ ಮಾಡ್ಸಿದೀನಿ."

"ಪಕ್ಕದಲ್ಲಿ ಈ ಕಬ್ಬಿಣದ ಹಿಡಿ?"

"ಎತ್ತೋದಕ್ಕೆ."

"ಎತ್ತಿ?"

ನಾನು ಬಗ್ಗಿ ಆ ಹಿಡಿ ಮುಟ್ಟಿ ನೋಡಿದೆ.

ನೋಡಿ, ಹೀಗಾಗಿತ್ತು. ವರ್ಷಗಟ್ಟಲೆ ಕಂಡ ಕನಸನ್ನು ಗೀಚಲು ಕೂತವಳು ಗೋಡೆಯ ಅಳತೆ ತೆಗೆದುಕೊಂಡಿರಲಿಲ್ಲ, ಬಾಗಿಲಿನದು ತೆಗೆದುಕೊಂಡಿದ್ದೆ. ಒಂದೂ ಗೋಡೆಗೆ ತಾಗದಂತೆ, ಎಲ್ಲವೂ ನಾಲ್ಕು ಕಾಲಿನ ಮೇಲೆ, ಲಾರಿಯಲ್ಲಿ ಸಾಲಾಗಿ ನಿಲ್ಲುವಂತೆ. ಸ್ವಂತ ಮನೆಗೆ ಬಂದ ಮೇಲೂ ನನ್ನ ಕೈ ಹೊರಡುವುದಕ್ಕೇ ತಯಾರಿ ನಡೆಸಿತ್ತು. ನಮ್ಮವರು ನಗಲು ಶುರು ಮಾಡಿ, ನನ್ನ ಮುಖ ನೋಡಿ ನಿಲ್ಲಿಸಿದರು. ನನಗೆ ಅಳು ಬಂದಿತ್ತು. ಸಿಟ್ಟು ಯಾರ ಮೇಲೆ ಅಂತ ಗೊತ್ತಿಲ್ಲ.

"ಕಾಲು ಕತ್ತರಿಸಪ್ಪಾ," ಅಂದೆ ವೀರ್ರಾಜುಗೆ. "ಹಿಡಿಗಳನ್ನೂ ಕಿತ್ತುಹಾಕು. ಎಲ್ಲಾ ಗೋಡೆಗೆ ಹೊಡಿ."

ಗೋಡೆಗೆ ಕೂರಿಸಲು ಹಿಂಬದಿಗೆ ಹಲಗೆ ಬೇಕು, ಪ್ಲೈವುಡ್ ಮುಗಿದಿದೆ ಎಂದ. ಮಾರನೇ ದಿನ, ನಮ್ಮವರು ಬ್ಯಾಂಕಿಗೆ ಹೋದ ಮೇಲೆ, ಮಂಚದ ಕೆಳಗಿನ ಟೀ ಪೆಟ್ಟಿಗೆಗಳನ್ನು ಒಂದೊಂದಾಗಿ ಎಳೆದು ಅವನ ಮುಂದೆ ಹಾಕಿದೆ. ಬಿಚ್ಚಿದ, ಕೊಯ್ದ, ಕಪಾಟಿನ ಬೆನ್ನಿಗೆ ಕೂರಿಸಿದ.

ಮೊಳೆ ಹೊಡೆಯುವ ಹೊತ್ತಿಗೆ ನಮ್ಮವರು ಮನೆಗೆ ಬಂದಿದ್ದರು. ಮಗುವಿಗೆ ಕಿವಿ ಚುಚ್ಚಿಸುವಾಗ ನಿಲ್ಲುತ್ತಾರಲ್ಲ, ಹಾಗೆ ಮುಖ ತಿರುಗಿಸಿ ಪಕ್ಕದಲ್ಲಿ ನಿಂತಿದ್ದರು. ಪ್ರತಿ ಏಟಿಗೂ ಸುಣ್ಣ ಉದುರಿತು. ಇಷ್ಟು ವರ್ಷದ ಸಂಸಾರದಲ್ಲಿ ನಾನು ಕೇಳಿದ ಅತಿ ಇಂಪಾದ ಸದ್ದು ಅದು.

ಈಗ ಮಧ್ಯಾಹ್ನ ನಾನು ಅಲ್ಲೇ ಕೂತಿರುತ್ತೇನೆ. ಇಲ್ಲಿ ಸಮುದ್ರವಿಲ್ಲ, ಹೊರಗೆ ವಿಜಯವಾಡದ ಉರಿಬಿಸಿಲು, ಆಟೋಗಳ ಗಲಾಟೆ. ಆದರೂ ಮೂರು ಗಂಟೆಗೆ ಪಕ್ಕದ ಮಹಡಿಯ ಕಿಟಕಿ ಗಾಜಿಗೆ ತಾಗಿ ಒಂದು ಚೂರು ಬೆಳಕು ಒಳಗೆ ಬರುತ್ತದೆ. ಒಂದು ಹಿಡಿ ಹೊಳೆಯುತ್ತದೆ, ಆರುತ್ತದೆ, ಮುಂದಿನದು ಹೊಳೆಯುತ್ತದೆ. ಹುಣಸೆಹಣ್ಣಿನ ಡಬ್ಬಿ ತೆಗೆಯಲು ಬಾಗಿಲು ತೆರೆದರೆ ಒಳಗಿನ ಹಲಗೆಯ ಮೇಲೆ ಟೀ ಪೆಟ್ಟಿಗೆಯ ಕಾಲದ ನಮ್ಮವರ ಕೈಬರಹ, ಕಪ್ಪು ಪೇಂಟಿನಲ್ಲಿ: ವಿಶಾಖಪಟ್ಟಣ, ಗಾಜು, ಜೋಪಾನ. ನಾನು ಜೋಪಾನವಾಗಿ ಬಾಗಿಲು ಮುಚ್ಚುತ್ತೇನೆ.

(ನಮ್ಮವರು ಅದನ್ನು ನೋಡಿಲ್ಲ. ಕಪಾಟು ತೆರೆಯುವ ಪೈಕಿ ಅಲ್ಲ ಅವರು. ಸಕ್ಕರೆ ಎಲ್ಲಿದೆ ಎಂದು ಕೂತಲ್ಲಿಂದ ಕೇಳುವ ಪೈಕಿ.)

ಸರೋಜಿನಿ ಗಾರು ಬಂದು ಹೋದದ್ದು ಭಾನುವಾರ. ಬುಧವಾರ ಆರ್ಡರ್ ಬಂತು. ಎಲ್ಲಿಗೆ ಅಂತೀರಿ? ವಿಶಾಖಪಟ್ಟಣಕ್ಕೆ.

ಸಂಜೆಯೇ ಬ್ಯಾಂಕಿನ ಗೆಳತಿಯೊಬ್ಬಳು ಫೋನ್ ಮಾಡಿ ಕೇಳಿದಳು, "ಮೊಳೆ ಹೊಡೆಸಿದ್ಯಾ?"

ನಮ್ಮ ಪೈಕಿ ಗಂಡನಿಗೆ ಟ್ರಾನ್ಸ್‌ಫರ್ ಆದಾಗ ಹೆಂಗಸು ಹಿಂದೆ ಉಳಿಯಬೇಕಾದರೆ ಮಕ್ಕಳು ಹತ್ತನೇ ಕ್ಲಾಸಿನಲ್ಲಿರಬೇಕು. ಇಲ್ಲವೇ ಅತ್ತೆಗೆ ಹುಷಾರಿಲ್ಲದಿರಬೇಕು. ಅಡುಗೆಮನೆಗೋಸ್ಕರ ಉಳಿದವಳನ್ನು ಯಾರಾದರೂ ಕಂಡಿದ್ದೀರಾ? ಮಗಳ ಹತ್ತನೇ ಕ್ಲಾಸು ಯಾವತ್ತೋ ಮುಗಿಯಿತು. ಅತ್ತೆ ಈಗಿಲ್ಲ. ಹೇಳಲು ನನ್ನ ಹತ್ತಿರ ಬೇರೆ ಕಾರಣವೇ ಇಲ್ಲ. ಇಷ್ಟು ಊರುಗಳಿಗೆ ಒಮ್ಮೆಯೂ ಒಲ್ಲೆ ಎನ್ನದೆ ಹಿಂದೆ ಹೋದವಳು, ನಾನು ಬಯಸಿದ ಆ ಊರಿಗೇ ಕರೆ ಬಂದಾಗ ಏನೆಂದು ಒಲ್ಲೆ ಎನ್ನಲಿ? ಎರಡು ದಿನ ನಿದ್ದೆ ಸರಿಯಾಗಿ ಬರಲಿಲ್ಲ. ನಮ್ಮವರನ್ನು ಬಿಟ್ಟು ಇದ್ದು ಅಭ್ಯಾಸವಿಲ್ಲ. ಆ ಕಪಾಟುಗಳನ್ನು ಬಿಡುವ ಧೈರ್ಯವೂ ಇಲ್ಲ.

ನಿನ್ನೆ ಎರಡನೇ ಶನಿವಾರ, ಬ್ಯಾಂಕಿಗೆ ರಜೆ. ಮಧ್ಯಾಹ್ನ ನಮ್ಮವರು ಮಲಗುವ ಕೋಣೆಯಲ್ಲಿ ಬಗ್ಗಿ ಮಂಚದ ಕೆಳಗೆ ನೋಡುತ್ತಿದ್ದರು. ನಾನು ಅಡುಗೆಮನೆಯಲ್ಲಿ, ಬೆಳಕು ಬರುವುದನ್ನು ಕಾಯುತ್ತಾ ಕೂತಿದ್ದೆ.

"ಏನೇ, ಟೀ ಪೆಟ್ಟಿಗೆ ಎಲ್ಲಿಟ್ಟಿದೀಯಾ?"

ಮೂರು ಗಂಟೆಯಾಗಿತ್ತು. ಮೊದಲ ಹಿಡಿ ಹೊಳೆಯಿತು.

"ಗೋಡೆಗೆ ಹೊಡೆದುಬಿಟ್ಟಿದೀನಿ," ಅಂದೆ. "ನಿಮಗೆ ಒಂದು ಸೂಟ್‌ಕೇಸ್ ಸಾಕಲ್ವಾ?"